ಪೌಡರ್ ಕೋಟಿಂಗ್ ಕೆಟ್ಟರೆ ಎಲ್ಲಿ ಹುಡುಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪೌಡರ್ ಕೋಟಿಂಗ್ ಎಂದರೆ ಬಣ್ಣದ ಒಣ ಪುಡಿಗೆ ಗನ್‌ನಿಂದ ವಿದ್ಯುದಂಶ ಕೊಟ್ಟು ಲೋಹದ ಮೇಲೆ ಕೂರಿಸಿ, ಓವನ್‌ನಲ್ಲಿ ಕರಗಿಸಿ ಗಟ್ಟಿಮಾಡುವುದು. ಹೀಗೆ ಬೇಯಿಸಿ ಗಟ್ಟಿಮಾಡುವುದೇ ಕ್ಯೂರಿಂಗ್, ಕೋಟಿಂಗಿಗೆ ಬಂದ ವಸ್ತುವೇ ಜಾಬ್. ಓವನ್ ಬಾಗಿಲು ತೆಗೆದಾಗ ಕಣ್ಣಿಗೆ ಬಿದ್ದ ದೋಷ ಓವನ್‌ನಲ್ಲೇ ಹುಟ್ಟಿರಬೇಕೆಂದೇನಿಲ್ಲ. ಅದು ಎಣ್ಣೆ ತೊಳೆಯುವ ಡಿಗ್ರೀಸಿಂಗ್ ಟ್ಯಾಂಕಿನಲ್ಲಿ ಹುಟ್ಟಿರಬಹುದು, ಕಂಪ್ರೆಸರ್‌ನಲ್ಲಿ ಹುಟ್ಟಿರಬಹುದು, ಕಳೆದ ತಿಂಗಳು ಪೌಡರ್ ಪೆಟ್ಟಿಗೆಯನ್ನು ಇಟ್ಟ ಮೂಲೆಯಲ್ಲೂ ಹುಟ್ಟಿರಬಹುದು. ಕೋಟಿಂಗ್ ಮಾಡುವವರೂ ಮಾಡಿಸುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಿದೆ, ಕೆಲವಕ್ಕೆ ಎರಡೇ ಸಾಲು ಸಾಕು.

ಜಾಬ್ ಕೆಟ್ಟು ಬಂದಿದೆ. ಮೊದಲು ಏನು ನೋಡಬೇಕು?

ಗನ್ ಸೆಟ್ಟಿಂಗ್ ಮುಟ್ಟಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುವ ಗಾದೆ ನಮ್ಮ ಕೆಲಸಕ್ಕೇ ಹೇಳಿಮಾಡಿಸಿದಂತಿದೆ. ಏನೇ ಕೆಟ್ಟರೂ ಎಲ್ಲರ ಕೈ ಹೋಗುವುದು ಗನ್ನಿನ ಗುಂಡಿಗೇ.

ಮೊದಲು ಕೇಳಿಕೊಳ್ಳಬೇಕಾದದ್ದು ಮೂರು: ದೋಷ ಎಲ್ಲೆಲ್ಲಿ ಇದೆ, ಯಾವಾಗಿನಿಂದ ಬರುತ್ತಿದೆ, ಹತ್ತಿರದಿಂದ ಅದರ ಆಕಾರ ಹೇಗಿದೆ. ಎಲ್ಲ ಜಾಬ್‌ಗಳಲ್ಲೂ ಒಂದೇ ಜಾಗದಲ್ಲಿ ಬರುತ್ತಿದ್ದರೆ ಆ ಜಾಗದ ಲೋಹ, ವೆಲ್ಡಿಂಗ್ ಅಥವಾ ನೇತುಹಾಕಿದ ರೀತಿಯನ್ನು ನೋಡಿ. ಎಲ್ಲೆಂದರಲ್ಲಿ ಚದುರಿದ್ದರೆ ಗಾಳಿ, ಪೌಡರ್ ಅಥವಾ ಓವನ್ ಕಡೆಗೆ ತಿರುಗಿ. ಜಾಬ್‌ನ ಕೆಳತುದಿಯಲ್ಲಷ್ಟೇ ಇದ್ದರೆ ತೊಳೆದ ನೀರು ಇಳಿದು ನಿಂತ ಗುರುತು ಇರಬಹುದು. ಬೆಳಗಿನ ಮೊದಲ ಲೋಡ್‌ನಲ್ಲಿ ಮಾತ್ರವೋ, ಹೊಸ ಪೆಟ್ಟಿಗೆ ಒಡೆದ ಮೇಲೋ, ಬಣ್ಣ ಬದಲಿಸಿದ ಮೇಲೋ ಎಂಬುದನ್ನು ಕೆಲಸ ಮಾಡಿದವರನ್ನೇ ಕೇಳಿ, ಬರೆದಿಡಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಜೇಬಿನಲ್ಲಿರಲಿ. ಬರಿಗಣ್ಣಿಗೆ ಎಲ್ಲವೂ ‘ತೂತು’. ಮಸೂರದಡಿ ನೋಡಿದರೆ ಒಂದು ತೂತಿನ ತಳದಲ್ಲಿ ಲೋಹ ಹೊಳೆಯುತ್ತದೆ, ಸುತ್ತ ದುಂಡನೆಯ ದಿಂಡು ಕಟ್ಟಿರುತ್ತದೆ: ಅಲ್ಲಿ ಎಣ್ಣೆಯೋ ಸಿಲಿಕೋನೋ ಇತ್ತು. ಇನ್ನೊಂದು ಸಣ್ಣ ಉಬ್ಬಿನ ನೆತ್ತಿಯಲ್ಲಿ ಸೂಜಿ ಚುಚ್ಚಿದಂತಿರುತ್ತದೆ: ಒಳಗಿಂದ ಗಾಳಿ ಹೊರಟಿದೆ. ಮದ್ದು ಬೇರೆ ಬೇರೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೆವಿ (ಗನ್ನಿನ ಕಿಲೋವೋಲ್ಟ್) ಇಳಿಸಿ, ಓವನ್ ಏರಿಸಿ, ಪೌಡರ್ ಬದಲಿಸಿ, ಮೂರನ್ನೂ ಒಟ್ಟಿಗೆ ಮಾಡಿ ದೋಷ ಹೋದರೆ ಯಾವುದರಿಂದ ಹೋಯಿತೆಂದು ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಬಂದಾಗ ಮೊದಲಿನಿಂದ ಶುರುಮಾಡಬೇಕು.

ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆ. ಪೌಡರ್ ಕಡಿಮೆಯಾಯಿತೇ, ಹೆಚ್ಚಾಯಿತೇ?

ಎರಡರಿಂದಲೂ ಹೀಗಾಗುತ್ತದೆ. ಹಾಗಾಗಿಯೇ ಈ ದೋಷದ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ. ಕೈಯಲ್ಲಿ ಕೋಟಿಂಗ್ ದಪ್ಪ ಅಳೆಯುವ ಡಿಎಫ್‌ಟಿ ಮೀಟರ್ ಇಲ್ಲದೆ ಇದಕ್ಕೆ ಉತ್ತರ ಹೇಳಲು ಹೋಗಬೇಡಿ.

ಸಾಮಾನ್ಯ ಪಾಲಿಯೆಸ್ಟರ್ ಪೌಡರ್‌ಗಳಿಗೆ 60ರಿಂದ 80 ಮೈಕ್ರಾನ್ ಸರಿಯಾದ ದಪ್ಪ. ಮೀಟರ್ 40 ತೋರಿಸಿದರೆ ಕರಗಿದ ಪೌಡರ್ ಹರಿದು ಒಂದಾಗುವಷ್ಟು ಮಾಲು ಅಲ್ಲಿರಲಿಲ್ಲ ಎಂದರ್ಥ. ಬಿಗಿಯಾದ, ಸಣ್ಣ ತರಿ ಕಾಣುತ್ತದೆ. 120 ದಾಟಿದ್ದರೆ ದೊಡ್ಡ ಅಲೆಯಂಥ ತರಿ. ಅದಕ್ಕೆ ಬಹುಪಾಲು ಕಾರಣ ಹಿಮ್ಮುಖ ಅಯಾನೀಕರಣ. ಜಾಬ್ ಮೇಲೆ ಕೂತ ಪೌಡರ್ ಪದರದಲ್ಲಿ ವಿದ್ಯುದಂಶ ತುಂಬಿ ತುಳುಕಿದಾಗ ಒಳಗೇ ಸಣ್ಣ ಕಿಡಿಗಳು ಸಿಡಿದು ಪೌಡರನ್ನು ಹೊರಕ್ಕೆ ಒದೆಯುತ್ತವೆ. ಬೇಯಿಸುವ ಮೊದಲೇ ಓರೆಬೆಳಕಿನಲ್ಲಿ ನೋಡಿದರೆ ಪುಡಿಯ ಮೇಲೆ ನಕ್ಷತ್ರದಂಥ ಸಣ್ಣ ಕುಳಿಗಳು ಕಾಣುತ್ತವೆ. ಅದನ್ನು ನೋಡಿಯೂ ಓವನ್‌ಗೆ ತಳ್ಳಿದರೆ ತಪ್ಪು ನಮ್ಮದೇ. ಅಲ್ಲೇ ಗಾಳಿ ಊದಿ ಮತ್ತೆ ಹೊಡೆಯಬಹುದಿತ್ತು.

ದಪ್ಪ ಸರಿಯಿದ್ದೂ ತರಿ ಬಂದರೆ ಜಾಬ್ ಎಷ್ಟು ಬೇಗ ಬಿಸಿಯಾಗುತ್ತಿದೆ ನೋಡಿ. ಪೌಡರ್ ಕರಗಿ ಹರಿಯುವುದಕ್ಕೂ ಗಟ್ಟಿಯಾಗುವುದಕ್ಕೂ ನಡುವೆ ಇರುವುದು ಸ್ವಲ್ಪವೇ ಸಮಯ. ದಪ್ಪ ಲೋಹ ನಿಧಾನವಾಗಿ ಕಾದರೆ ಪೌಡರ್ ಪೂರ್ತಿ ನೀರಾಗುವ ಮೊದಲೇ ಗಟ್ಟಿಯಾಗಲು ಶುರುವಾಗುತ್ತದೆ. ಬಿಸಿ ಜಾಗದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೌಡರ್ ಕೂಡ ಹೀಗೇ ಮಾಡುತ್ತದೆ. ಪೆಟ್ಟಿಗೆಯಲ್ಲೇ ಅದು ಸ್ವಲ್ಪ ಬೆಂದಿರುತ್ತದೆ. ಅದನ್ನು ಯಾವ ಸೆಟ್ಟಿಂಗೂ ಉಳಿಸುವುದಿಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು: ಪೌಡರ್ ಕೋಟಿಂಗ್‌ನಲ್ಲಿ ಸ್ವಲ್ಪ ತರಿ ಇದ್ದೇ ಇರುತ್ತದೆ. ಕಾರಿನ ಬಾನೆಟ್‌ನ ಕನ್ನಡಿಯಂಥ ಹೊಳಪನ್ನು ಬೀರುವಿನ ಬಾಗಿಲಲ್ಲಿ ಬಯಸುವ ಗ್ರಾಹಕರಿಗೆ ಕೆಲಸ ಹಿಡಿಯುವ ಮೊದಲೇ ಸ್ಯಾಂಪಲ್ ತೋರಿಸಿ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಎರಕದ ಜಾಬ್ ಮತ್ತು ಗ್ಯಾಲ್ವನೈಸ್ಡ್ ಜಾಬ್‌ಗಳಲ್ಲಿ ಸೂಜಿಮೊನೆಯಂಥ ತೂತುಗಳು ಏಳುತ್ತವೆ. ಪೌಡರ್ ಕೆಟ್ಟದ್ದೇ?

ಪೌಡರ್‌ದು ತಪ್ಪಲ್ಲ, ಲೋಹ ಉಸಿರು ಬಿಡುತ್ತಿದೆ. ಎರಕದ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಒಳಗೆ ಸಣ್ಣ ಸಣ್ಣ ಪೊಳ್ಳುಗಳಿರುತ್ತವೆ. ಅವುಗಳಲ್ಲಿ ಗಾಳಿ, ತೇವ, ಕೆಲವೊಮ್ಮೆ ಮಷಿನಿಂಗ್ ಎಣ್ಣೆ ಕೂತಿರುತ್ತದೆ. ಓವನ್‌ನಲ್ಲಿ ಕಾದಾಗ ಅದು ಹಿಗ್ಗಿ, ಆಗತಾನೆ ಗಟ್ಟಿಯಾಗುತ್ತಿರುವ ಪದರವನ್ನು ತೂರಿಕೊಂಡು ಹೊರಗೆ ಬರುತ್ತದೆ. ಬಿಸಿ ಅದ್ದು ಗ್ಯಾಲ್ವನೈಸಿಂಗ್‌ನ ಸತುವಿನ ಪದರವೂ ಹೀಗೇ ಅನಿಲ ಬಿಡುತ್ತದೆ.

ಉಪಾಯ ಸರಳ: ಉಸಿರು ಬಿಡುವುದನ್ನೆಲ್ಲ ಕೋಟಿಂಗಿಗೆ ಮೊದಲೇ ಬಿಡಿಸಿಬಿಡಿ. ಜಾಬನ್ನು ತೊಳೆದು ಒಣಗಿಸಿ, ಕ್ಯೂರಿಂಗ್ ಉಷ್ಣತೆಗಿಂತ 20ರಿಂದ 30 ಡಿಗ್ರಿ ಹೆಚ್ಚು ಕಾಯಿಸಿ, ತಣಿಯಲು ಬಿಟ್ಟು, ಆಮೇಲೆ ಪೌಡರ್ ಹೊಡೆಯಿರಿ. ಕ್ಯೂರಿಂಗ್ ಉಷ್ಣತೆಗಿಂತ ಕಡಿಮೆ ಕಾಯಿಸಿದರೆ ಉಪಯೋಗವಿಲ್ಲ, ಉಳಿದ ಅನಿಲ ಆಮೇಲೆ ಬಂದೇ ಬರುತ್ತದೆ. ಅನಿಲ ಹೊರಹೋಗಲು ದಾರಿಕೊಡುವ ಪೌಡರ್‌ಗಳೂ ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಬೆಂಜೋಯಿನ್ ಎಂಬ ಪದಾರ್ಥ ಬೆರೆಸಿರುತ್ತಾರೆ. ಅದು ಪದರವನ್ನು ಇನ್ನೂ ಸ್ವಲ್ಪ ಹೊತ್ತು ತೆರೆದಿಡುತ್ತದೆ. ಹೆಚ್ಚಾದರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ.

ಲೋಹದಲ್ಲಿ ಪೊಳ್ಳಿಲ್ಲ, ಸಾದಾ ತಗಡು, ಆದರೂ ತೂತು ಬಂದಿದೆ ಎಂದರೆ ದಪ್ಪ ಅಳೆಯಿರಿ. ಟಿಜಿಐಸಿ ಎಂಬ ಗಟ್ಟಿಕಾರಕ ಇಲ್ಲದ, ಅದರ ಬದಲು ಎಚ್‌ಎಎ ಬಳಸುವ ಪಾಲಿಯೆಸ್ಟರ್‌ಗಳು ಕ್ಯೂರ್ ಆಗುವಾಗ ತಾವೇ ನೀರಾವಿ ಬಿಡುತ್ತವೆ. ಪದರ 100 ಮೈಕ್ರಾನ್ ಮೀರಿದರೆ ಆ ಆವಿಗೆ ಹೊರಹೋಗಲು ಹೊತ್ತು ಸಾಲದೆ ತೂತು ಬೀಳುತ್ತದೆ.

ಮೀನಿನ ಕಣ್ಣಿನಂಥ ದುಂಡನೆಯ ಗುಳಿಗಳು ಒಂದು ದಿನ ಬರುತ್ತವೆ, ಒಂದು ದಿನ ಇಲ್ಲ. ಏಕೆ?

ಎಣ್ಣೆ ಅಥವಾ ಸಿಲಿಕೋನ್. ಇವುಗಳಿದ್ದ ಜಾಗದಲ್ಲಿ ಕರಗಿದ ಪೌಡರ್ ನಿಲ್ಲದೆ ಹಿಂದಕ್ಕೆ ಸರಿಯುತ್ತದೆ, ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ಸರಿದಂತೆ. ಸಿಲಿಕೋನ್ ಎಷ್ಟು ಕಡಿಮೆಯಿದ್ದರೂ ಸಾಕು. ತುಕ್ಕು ಬಿಡಿಸುವ ಸ್ಪ್ರೇ, ಪಾಲಿಶ್, ಮೌಲ್ಡ್ ರಿಲೀಸ್, ಕೈಗೆ ಹಚ್ಚುವ ಕ್ರೀಮ್, ಇವುಗಳಲ್ಲಿ ಯಾವುದರಲ್ಲಾದರೂ ಸಿಲಿಕೋನ್ ಇರಬಹುದು. ಶೆಡ್ಡಿನ ಆ ತುದಿಯಲ್ಲಿ ಯಾರೋ ಬಾಗಿಲ ಕೀಲಿಗೆ ಸ್ಪ್ರೇ ಹೊಡೆದರೆ ಈ ತುದಿಯ ಬೂತ್‌ನಲ್ಲಿ (ಪೌಡರ್ ಹೊಡೆಯುವ ಗೂಡಿನಲ್ಲಿ) ಗುಳಿ ಬೀಳುತ್ತದೆ.

‘ಒಂದು ದಿನ ಇದೆ, ಒಂದು ದಿನ ಇಲ್ಲ’ ಎನ್ನುವುದೇ ದೊಡ್ಡ ಸುಳಿವು. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಎರಡು ವಾರ ಇದೇ ಕಾಟ. ಪೌಡರ್ ಬದಲಿಸಿದೆವು, ಡಿಗ್ರೀಸಿಂಗ್ ಟ್ಯಾಂಕ್ ಖಾಲಿಮಾಡಿ ತುಂಬಿದೆವು. ಯಾವುದೂ ಆಗಲಿಲ್ಲ. ಕೊನೆಗೆ ಕೆಟ್ಟ ಜಾಬ್‌ಗಳ ಮೇಲೆ ಸಮಯ ಬರೆದಿಡಲು ಶುರುಮಾಡಿದಾಗ ಎಲ್ಲವೂ ಬೆಳಗಿನ ಮೊದಲ ಅರ್ಧ ಗಂಟೆಯವು ಎಂದು ಗೊತ್ತಾಯಿತು. ಗನ್ ಹೋಸ್ ಬಿಚ್ಚಿ ಬಿಳಿ ಹಾಳೆಯ ಮೇಲೆ ಒಂದು ನಿಮಿಷ ಬರೀ ಗಾಳಿ ಬಿಟ್ಟೆವು. ಹಾಳೆಯ ನಡುವೆ ಕಂದು ಬಣ್ಣದ, ಅಂಚಿನಲ್ಲಿ ಪಾರದರ್ಶಕವಾದ ಮಚ್ಚೆ ಮೂಡಿತು. ಬೆಳಕಿಗೆ ಹಿಡಿದರೆ ಹಾಳೆಯಲ್ಲಿ ಕಿಟಕಿ ತೆರೆದಂತಿತ್ತು. ರಾತ್ರಿ ಕಂಪ್ರೆಸರ್ ಟ್ಯಾಂಕ್‌ನಲ್ಲಿ ಇಳಿದ ನೀರು ಮತ್ತು ಎಣ್ಣೆಯನ್ನು ಯಾರೂ ಬೆಳಿಗ್ಗೆ ಡ್ರೈನ್ ಮಾಡುತ್ತಿರಲಿಲ್ಲ. ಮೊದಲ ಅರ್ಧ ಗಂಟೆ ಅದೆಲ್ಲ ನಮ್ಮ ಪೌಡರ್ ಜೊತೆ ಜಾಬ್‌ಗೆ ಹೋಗುತ್ತಿತ್ತು.

ಆದ್ದರಿಂದ ಬಿಳಿ ಹಾಳೆಯ ಪರೀಕ್ಷೆಯನ್ನು ಮೊದಲು ಮಾಡಿ. ಗಾಳಿ ಒಣದಾಗಿರಲು ಡ್ರೈಯರ್ ಬೇಕು. 3 ಡಿಗ್ರಿ ಸೆಲ್ಸಿಯಸ್ ಸುಮಾರಿನ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಇಳಿಯುವ ಉಷ್ಣತೆ) ಕೊಡುವ ರೆಫ್ರಿಜರೇಟೆಡ್ ಡ್ರೈಯರ್ ಹೆಚ್ಚಿನ ಶಾಪ್‌ಗಳಿಗೆ ಸಾಕು. ಗಾಳಿ ಶುದ್ಧವಾಗಿದ್ದೂ ಗುಳಿ ಬಂದರೆ ಪೌಡರ್ ಬೆರಕೆಯನ್ನು ಅನುಮಾನಿಸಿ. ಅಕ್ರಿಲಿಕ್ ಪೌಡರ್ ಹೊಡೆದ ಬೂತ್‌ನಲ್ಲೇ ಸರಿಯಾಗಿ ತೊಳೆಯದೆ ಪಾಲಿಯೆಸ್ಟರ್ ಹೊಡೆದರೆ ಇದೇ ಗುಳಿಗಳು ಬರುತ್ತವೆ.

ಒಳಮೂಲೆಗಳಿಗೆ ಪೌಡರ್ ಹೋಗುವುದೇ ಇಲ್ಲ. ಕೆವಿ ಏರಿಸಿದರೆ ಇನ್ನೂ ಕೆಡುತ್ತದೆ!

ಕೆಡಲೇಬೇಕು. ವಿದ್ಯುತ್ ಕ್ಷೇತ್ರದ ರೇಖೆಗಳು ಹತ್ತಿರದ ಅಂಚುಗಳಿಗೆ, ಚೂಪಾದ ಕಡೆಗೆ ಹೋಗಿ ಮುಗಿಯುತ್ತವೆ, ಪೆಟ್ಟಿಗೆಯಂಥ ಒಳಮೂಲೆಗೆ ಇಳಿಯುವುದಿಲ್ಲ. ಇದಕ್ಕೆ ಫ್ಯಾರಡೆ ಪಂಜರದ ಪರಿಣಾಮ ಎನ್ನುತ್ತಾರೆ. ಕೆವಿ ಏರಿಸಿದಷ್ಟೂ ಅಂಚುಗಳು ಪೌಡರನ್ನು ಕಿತ್ತುಕೊಳ್ಳುತ್ತವೆ, ಅಂಚು ಚೌಕಟ್ಟು ಕಟ್ಟಿದಂತೆ ದಪ್ಪವಾಗುತ್ತದೆ, ಮೂಲೆ ಬರಿದಾಗಿಯೇ ಉಳಿಯುತ್ತದೆ.

ಮಾಡಬೇಕಾದದ್ದು ಉಲ್ಟಾ. ಕೆವಿಯನ್ನು 50ರ ಆಸುಪಾಸಿಗೆ ಇಳಿಸಿ, ಕರೆಂಟನ್ನು 10ರಿಂದ 20 ಮೈಕ್ರೋಆಂಪ್‌ಗೆ ಕಟ್ಟಿಹಾಕಿ, ಪೌಡರ್ ಒಯ್ಯುವ ಗಾಳಿಯನ್ನೂ ಮೆಲ್ಲಗೆ ಮಾಡಿ. ಜೋರು ಗಾಳಿ ಮೂಲೆಗೆ ಬಿದ್ದ ಪೌಡರನ್ನೇ ಊದಿಕೊಂಡು ಹೊರಗೆ ತರುತ್ತದೆ. ಅಗಲ ಮೋಡ ಕೊಡುವ ಡಿಫ್ಲೆಕ್ಟರ್ ತೆಗೆದು ಚಪ್ಪಟೆ ನಾಝಲ್ ಹಾಕಿ. ಮೂಲೆಗಳನ್ನು ಮೊದಲು ಮುಗಿಸಿ, ಬಯಲನ್ನು ಕೊನೆಗೆ ಹೊಡೆಯಿರಿ. ಮೊದಲು ಬಯಲು ಹೊಡೆದವರ ಜಾಬ್‌ನಲ್ಲಿ ಮೂಲೆ ತುಂಬಿಸುವಷ್ಟರಲ್ಲಿ ಬಯಲು ದಪ್ಪವಾಗಿ ತರಿ ಎದ್ದಿರುತ್ತದೆ. ಹೀಗೆ ಒಂದು ದೋಷ ಸರಿಮಾಡಲು ಹೋಗಿ ಇನ್ನೊಂದನ್ನು ತಂದುಕೊಳ್ಳುತ್ತಾರೆ. ಇಂಥ ಜಾಬ್‌ಗಳೇ ಹೆಚ್ಚಿದ್ದರೆ ಘರ್ಷಣೆಯಿಂದ ಪೌಡರ್‌ಗೆ ವಿದ್ಯುದಂಶ ಕೊಡುವ ಟ್ರೈಬೋ ಗನ್ ನೋಡಬಹುದು. ಅದರಲ್ಲಿ ಹೈ ವೋಲ್ಟೇಜ್ ಸೂಜಿಯೇ ಇಲ್ಲ, ಪಂಜರದ ಕಾಟ ತುಂಬಾ ಕಡಿಮೆ. ಎಲ್ಲ ಪೌಡರೂ ಅದಕ್ಕೆ ಒಗ್ಗುವುದಿಲ್ಲ, ಕೊಳ್ಳುವಾಗಲೇ ಕೇಳಿ.

ಅರ್ಥಿಂಗ್ ಸರಿ ಇದೆಯೇ ಎಂದು ತಿಳಿಯುವುದು ಹೇಗೆ?

ತಂತಿ ಕಟ್ಟಿದೆ, ನೆಲಕ್ಕೆ ಹೋಗಿದೆ, ಸರಿಯಿದೆ ಎಂದು ಎಲ್ಲರೂ ಹೇಳುತ್ತಾರೆ. ತಂತಿ ಸರಿಯೇ ಇರುತ್ತದೆ, ಕೊಕ್ಕೆ ಸರಿಯಿರುವುದಿಲ್ಲ. ಹತ್ತು ಸಲ ಓವನ್ ಕಂಡ ಕೊಕ್ಕೆಯ ಮೇಲೆ ಹತ್ತು ಪದರ ಬೆಂದ ಪೌಡರ್ ಕೂತಿರುತ್ತದೆ, ಅದು ಒಳ್ಳೆಯ ಇನ್ಸುಲೇಟರ್. ಜಾಬ್‌ನಿಂದ ಅರ್ಥ್‌ಗೆ ಮೆಗ್ಗರ್ (ಹೆಚ್ಚಿನ ವಿದ್ಯುತ್ ರೋಧ ಅಳೆಯುವ ಮೀಟರ್) ಇಟ್ಟು ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಇರಬೇಕು. ಕೊಕ್ಕೆಯ ಮೇಲಿನ ತುದಿ ಕಂಬಿಯನ್ನು ಮುಟ್ಟುವ ಕಡೆ ಮತ್ತು ಕೆಳತುದಿ ಜಾಬನ್ನು ಮುಟ್ಟುವ ಕಡೆ, ಎರಡೂ ಬರಿಲೋಹ ಕಾಣುವಂತೆ ಉಜ್ಜಿಡಿ.

ಅರ್ಥಿಂಗ್ ಕೆಟ್ಟಿದ್ದರೆ ಪೌಡರ್ ಹಿಡಿಯದು, ಜಾಬ್‌ನ ಹಿಂಬದಿಗೆ ಸುತ್ತಿಕೊಳ್ಳದು, ಹೊಡೆಯುವವರ ಕೈಗೆ ಚುರುಕ್ ಎನ್ನುತ್ತದೆ. ಇದು ಬರೀ ಫಿನಿಶಿಂಗ್ ವಿಷಯವಲ್ಲ. ಗಾಳಿಯಲ್ಲಿ ತೇಲುವ ಪೌಡರ್ ಹೊತ್ತಿಕೊಳ್ಳಬಲ್ಲ ಪದಾರ್ಥ. ಅರ್ಥ್ ಇಲ್ಲದ ಜಾಬ್‌ನಿಂದ ಹಾರುವ ಕಿಡಿ ಬೂತ್‌ನಲ್ಲಿ ಬೆಂಕಿ ಹಚ್ಚಬಹುದು. ಉಳಿದ ಯಾವ ಸಲಹೆಯನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಉಗುರಿನಿಂದ ಕೆರೆದರೆ ಹಾಳೆಯಂತೆ ಎದ್ದು ಬರುತ್ತದೆ. ಪೌಡರ್ ಕಂಪನಿಗೆ ದೂರು ಕೊಡಬಹುದೇ?

ಮೊದಲು ಎದ್ದ ಹಾಳೆಯ ಹಿಂಬದಿ ನೋಡಿ. ಅದು ನುಣ್ಣಗೆ, ಸ್ವಚ್ಛವಾಗಿದ್ದರೆ ಕೆಳಗಿನ ಲೋಹದ ಮೇಲೆ ಎಣ್ಣೆ ಅಥವಾ ಸೋಪಿನ ಅಂಶ ಉಳಿದಿತ್ತು. ಹಿಂಬದಿಯಲ್ಲಿ ಬೂದು ಅಥವಾ ಬಿಳಿ ಪುಡಿ ಅಂಟಿದ್ದರೆ, ಪೌಡರ್ ಗಟ್ಟಿಯಾಗಿ ಹಿಡಿಯಲೆಂದು ಮೊದಲೇ ಲೋಹಕ್ಕೆ ಕೊಡುವ ಫಾಸ್ಫೇಟ್ ಪದರ ಸಡಿಲವಾಗಿ, ಒರಟಾಗಿ ಬೆಳೆದಿತ್ತು, ಇಲ್ಲವೇ ಕೊನೆಯ ತೊಳೆತ ಸಾಲದೆ ಲವಣ ಉಳಿದಿತ್ತು. ಕಪ್ಪು ಚಕ್ಕೆ ಅಂಟಿದ್ದರೆ ಅದು ಮಿಲ್ ಸ್ಕೇಲ್ (ಉಕ್ಕನ್ನು ಕಾಯಿಸಿ ತಗಡು ಮಾಡುವಾಗ ಕಟ್ಟುವ ಆಕ್ಸೈಡ್ ಪದರ), ಪೌಡರ್ ಅದನ್ನು ಗಟ್ಟಿಯಾಗಿಯೇ ಹಿಡಿದಿದೆ, ಸ್ಕೇಲ್ ಲೋಹವನ್ನು ಬಿಟ್ಟಿದೆ. ಮೂರರಲ್ಲಿ ಒಂದೂ ಪೌಡರ್ ತಪ್ಪಲ್ಲ.

ಆಮ್ಲಜನಕ ಬಳಸಿ ಲೇಸರ್‌ನಲ್ಲಿ ಕತ್ತರಿಸಿದ ಉಕ್ಕಿನ ಅಂಚಿನಲ್ಲೂ ಇದೇ ಕತೆ. ಅಲ್ಲಿ ಗಾಜಿನಂಥ ಆಕ್ಸೈಡ್ ಪದರ ಇರುತ್ತದೆ. ಸಾಮಾನ್ಯ ಫಾಸ್ಫೇಟಿಂಗ್‌ಗೆ ಅದು ಜಗ್ಗುವುದಿಲ್ಲ. ಬಯಲೆಲ್ಲ ಗಟ್ಟಿ, ಅಂಚಿನಲ್ಲಿ ಮಾತ್ರ ದಾರದಂತೆ ಕಿತ್ತು ಬರುತ್ತದೆ. ಆ ಅಂಚನ್ನು ಉಜ್ಜಬೇಕು, ಇಲ್ಲವೇ ಕತ್ತರಿಸುವವರಿಗೆ ನೈಟ್ರೋಜನ್ ಬಳಸಲು ಹೇಳಬೇಕು.

ತೊಳೆದದ್ದು ಸಾಕೇ ಎಂದು ನೋಡಲು ನೀರಿನ ಪರೀಕ್ಷೆಯಷ್ಟು ಅಗ್ಗದ್ದು ಬೇರೆ ಇಲ್ಲ. ಕೊನೆಯ ತೊಳೆತದಿಂದ ಜಾಬ್ ಎತ್ತಿದಾಗ ನೀರು ಒಡೆಯದ ಹಾಳೆಯಂತೆ ಅರ್ಧ ನಿಮಿಷ ನಿಲ್ಲಬೇಕು. ಹನಿಹನಿಯಾಗಿ ಬಿಡಿಬಿಡಿಯಾಗಿ ಸರಿದರೆ ಎಣ್ಣೆ ಇದೆ, ವಾಪಸ್ ಕಳಿಸಿ. ತೊಳೆದ ಜಾಬನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಬೀಳುತ್ತದೆ. ತಿಂಗಳುಗಳ ನಂತರ ಬೆರಳಿನ ಆಕಾರದಲ್ಲೇ ತುಕ್ಕಿನ ಗುಳ್ಳೆ ಎದ್ದದ್ದನ್ನು ನೋಡಿದ್ದೇನೆ, ಐದೂ ಬೆರಳು ಎಣಿಸಬಹುದಿತ್ತು.

ಅಂಟುವಿಕೆಯನ್ನು ಉಗುರಿನಿಂದ ಅಳೆಯುವ ಬದಲು ಗೆರೆ ಕೊಯ್ದು ನೋಡುವ ಪರೀಕ್ಷೆ ಮಾಡಿ. ಐಎಸ್‌ಒ 2409ರ ಪ್ರಕಾರ ಎರಡೂ ದಿಕ್ಕಿಗೆ ಆರಾರು ಗೆರೆ, 60 ಮೈಕ್ರಾನ್‌ವರೆಗೆ ಗಟ್ಟಿ ಲೋಹದ ಮೇಲೆ 1 ಮಿಲಿಮೀಟರ್ ಅಂತರ, ಅದಕ್ಕಿಂತ ದಪ್ಪವಾದರೆ 120ರವರೆಗೆ 2 ಮಿಲಿಮೀಟರ್. 0 ಬಂದರೆ ಒಂದು ಚೌಕವೂ ಎದ್ದಿಲ್ಲ ಎಂದರ್ಥ. 5 ಅತಿ ಕೆಟ್ಟದ್ದು.

ಪೂರ್ತಿ ಕ್ಯೂರ್ ಆಗಿದೆಯೋ ಇಲ್ಲವೋ ಹೇಗೆ ಹೇಳುವುದು? ನೋಡಲು ಚೆನ್ನಾಗಿಯೇ ಇದೆ.

ನೋಡಿ ಹೇಳಲಾಗದು. ಅರೆಬೆಂದ ಕೋಟಿಂಗ್ ಒಮ್ಮೊಮ್ಮೆ ಪೂರ್ತಿ ಬೆಂದದ್ದಕ್ಕಿಂತ ಹೆಚ್ಚು ಹೊಳೆಯುತ್ತದೆ. ಪೆಟ್ಟುಬಿದ್ದಾಗ ಗಾಜಿನಂತೆ ಬಿರುಕುಬಿಡುತ್ತದೆ, ಅಷ್ಟೆ.

ಪೌಡರ್ ಕಂಪನಿಯ ಮಾಹಿತಿ ಹಾಳೆಯಲ್ಲಿ ‘200 ಡಿಗ್ರಿ, 10 ನಿಮಿಷ’ ಎಂದು ಬರೆದಿದ್ದರೆ ಅದು ಲೋಹದ ಉಷ್ಣತೆ, ಓವನ್ ಗಾಳಿಯದಲ್ಲ. ಎಣಿಕೆ ಶುರುವಾಗುವುದು ಲೋಹ 200 ಮುಟ್ಟಿದ ಮೇಲೆ. ಓವನ್ ಪ್ಯಾನೆಲ್ 200 ತೋರಿಸುವಾಗ 1 ಮಿಲಿಮೀಟರ್ ತಗಡು ಕೆಲವೇ ನಿಮಿಷದಲ್ಲಿ ಅಲ್ಲಿಗೆ ತಲುಪುತ್ತದೆ, 20 ಮಿಲಿಮೀಟರ್ ಫ್ಲ್ಯಾಂಜ್ ಇನ್ನೂ ಬೆಚ್ಚಗಾಗುತ್ತಿರುತ್ತದೆ. ಎರಡನ್ನೂ ಒಂದೇ ಲೋಡ್‌ನಲ್ಲಿ ಹಾಕಿದರೆ ಒಂದು ಹಸಿ, ಇನ್ನೊಂದು ಸೀದದ್ದು. ಹೊಸ ಜಾಬ್ ಬಂದಾಗ ಉಷ್ಣತೆ ದಾಖಲಿಸುವ ಡೇಟಾ ಲಾಗರ್‌ನ ತಂತಿಗಳನ್ನು ತೆಳುವಾದ, ದಪ್ಪವಾದ, ಮೇಲಿನ, ಕೆಳಗಿನ ಕಡೆಗಳಿಗೆ ಸಿಕ್ಕಿಸಿ ಒಮ್ಮೆ ಓಡಿಸಿ. ಓವನ್‌ನ ಕೆಳಮೂಲೆ ಯಾವಾಗಲೂ ತಣ್ಣಗೆ ಎಂಬುದು ಆಗ ಗೊತ್ತಾಗುತ್ತದೆ.

ಬೆಂದ ಮೇಲೆ ನೋಡಲು ಎಂಇಕೆ ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಹಿಂದೆ ಮುಂದೆ ಉಜ್ಜುತ್ತಾರೆ. ಹತ್ತಿಗೆ ಬಣ್ಣ ಢಾಳಾಗಿ ಹತ್ತಿ, ಮೇಲ್ಮೈ ಅಂಟಂಟಾದರೆ ಹಸಿ. ಹೊಳಪು ಸ್ವಲ್ಪ ಇಳಿಯುವುದು ಸಹಜ. ಎಷ್ಟು ಸಲ ಉಜ್ಜಬೇಕು, ಎಷ್ಟು ಇಳಿದರೆ ತಪ್ಪಿಲ್ಲ ಎಂಬುದು ಪೌಡರ್ ಪ್ರಕಾರಕ್ಕೆ ತಕ್ಕಂತೆ ಬೇರೆ, ಅದರ ಹಾಳೆಯನ್ನೇ ನೋಡಿ. ಹಸಿಯಿದ್ದರೆ ಗಾಬರಿ ಬೇಡ, ವಾಪಸ್ ಓವನ್‌ಗೆ ಹಾಕಿದರೆ ಉಳಿದ ಕ್ಯೂರಿಂಗ್ ಆಗುತ್ತದೆ.

ಬಿಳಿ ಬಣ್ಣ ಹಳದಿಗೆ ತಿರುಗಿದೆ. ಒಂದೇ ಬಣ್ಣದ ಎರಡು ಲೋಡ್ ಬೇರೆ ಬೇರೆ ಕಾಣುತ್ತಿವೆ.

ಹೆಚ್ಚು ಹೊತ್ತು ಬೆಂದಿದೆ. ಕನ್ವೇಯರ್ ಊಟದ ಹೊತ್ತಿಗೆ ನಿಂತು ಜಾಬ್ ಓವನ್ ಒಳಗೇ ಉಳಿದಿತ್ತೇ ಕೇಳಿ. ಗ್ಯಾಸ್ ಉರಿಯ ಹೊಗೆ ನೇರ ಒಳಗೆ ಬರುವ ಓವನ್‌ಗಳಲ್ಲಿ ನೈಟ್ರೋಜನ್ ಆಕ್ಸೈಡ್‌ಗಳಿಂದಲೂ ಬಿಳಿ ಹಳದಿಯಾಗುತ್ತದೆ, ಬರ್ನರ್ ಹೊಂದಿಸಿ, ಹೊಗೆ ಹೊರಹೋಗುವ ದಾರಿ ನೋಡಿ. ಹಳದಿ, ಕೆಂಪು, ಕಿತ್ತಳೆಯಂಥ ಬಣ್ಣಗಳಲ್ಲಿ ಪದರ ತೆಳುವಾದರೆ ಕೆಳಗಿನ ಲೋಹ ಇಣುಕುತ್ತದೆ, ಆಗ ವ್ಯತ್ಯಾಸ ಬಣ್ಣದ್ದಲ್ಲ, ದಪ್ಪದ್ದು. ಬ್ಯಾಚ್ ನಂಬರ್ ಬೇರೆಯಾದ ಪೌಡರನ್ನು ಅಕ್ಕಪಕ್ಕ ನಿಲ್ಲುವ ಎರಡು ಬಾಗಿಲಿಗೆ ಹೊಡೆಯಬೇಡಿ. ಹೋಲಿಸುವುದಾದರೆ ಟ್ಯೂಬ್‌ಲೈಟ್‌ನಲ್ಲೂ ಹಗಲು ಬೆಳಕಿನಲ್ಲೂ ಹೋಲಿಸಿ. ಒಂದರಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದದಿರಬಹುದು.

ಮೆಟಾಲಿಕ್ ಬಣ್ಣ ಮೋಡ ಮೋಡವಾಗಿ ಬರುತ್ತಿದೆ.

ಬರೀ ಬೆರೆಸಿದ ಮೆಟಾಲಿಕ್ ಪೌಡರ್‌ನಲ್ಲಿ ಲೋಹದ ಚಕ್ಕೆಗಳು ಒಂದು ಕಡೆ, ರಾಳದ ಕಣಗಳು ಒಂದು ಕಡೆ. ಇವೆರಡೂ ವಿದ್ಯುದಂಶ ಪಡೆಯುವ ರೀತಿಯೇ ಬೇರೆ, ಹಾಗಾಗಿ ಗನ್‌ನಿಂದ ಜಾಬ್‌ಗೆ ಹೋಗುವ ದಾರಿಯಲ್ಲೇ ಬೇರ್ಪಡುತ್ತವೆ. ಬೂತ್‌ನಿಂದ ವಾಪಸ್ ತೆಗೆದ ಪೌಡರ್‌ನಲ್ಲಿ ಚಕ್ಕೆಗಳ ಪಾಲೇ ಬದಲಾಗಿರುತ್ತದೆ. ಚಕ್ಕೆಗಳನ್ನು ರಾಳಕ್ಕೆ ಅಂಟಿಸಿಯೇ ಕೊಡುವ ಬಾಂಡೆಡ್ ಪೌಡರ್ ಕೊಳ್ಳಿ, ವಾಪಸ್ ಪೌಡರ್ ಬೆರೆಸುವುದಾದರೆ ಪ್ರಮಾಣ ದಿನವಿಡೀ ಒಂದೇ ಇರಲಿ. ಗನ್ ದೂರ, ಕೆವಿ, ಗಾಳಿ ಬರೆದಿಟ್ಟುಕೊಂಡು ಒಬ್ಬರೇ ಹೊಡೆದರೆ ಇನ್ನೂ ಉತ್ತಮ. ಇಬ್ಬರು ಹೊಡೆದ ಮೆಟಾಲಿಕ್ ಗೇಟನ್ನು ದೂರದಿಂದ ನೋಡಿಯೇ ಇಬ್ಬರು ಹೊಡೆದದ್ದೆಂದು ಹೇಳಬಹುದು.

ಕಾಳು, ನಾರು, ಬೇರೆ ಬಣ್ಣದ ಚುಕ್ಕಿ ಎಲ್ಲಿಂದ ಬರುತ್ತವೆ?

ಸೂಜಿಯಿಂದ ಕಾಳನ್ನು ಎಬ್ಬಿಸಿ ಮಸೂರದಡಿ ನೋಡಿ. ನಾರಾದರೆ ಒರೆಸುವ ಬಟ್ಟೆ ಅಥವಾ ಕೈಗವಸು. ಕಪ್ಪು ಚೂರಾದರೆ ಕನ್ವೇಯರ್ ಗ್ರೀಸ್ ಅಥವಾ ಓವನ್ ತುಕ್ಕು. ಅದೇ ಬಣ್ಣದ ಗಟ್ಟಿ ಕಾಳಾದರೆ ಗನ್ ನಾಝಲ್‌ನಲ್ಲಿ ಕರಗಿ ಕಟ್ಟಿಕೊಂಡ ಪೌಡರ್ ಉದುರಿದ್ದು, ಅಥವಾ ಜರಡಿ ಹರಿದಿದೆ. ಬೇರೆ ಬಣ್ಣದ ಚುಕ್ಕಿ ಎಂದರೆ ಬಣ್ಣ ಬದಲಿಸುವಾಗ ಹೋಸ್ ಸ್ವಚ್ಛವಾಗಿಲ್ಲ. ಕಪ್ಪಿನ ನಂತರ ಬಿಳಿ ಹೊಡೆಯುವ ದಿನ ಹೋಸನ್ನೇ ಬದಲಿಸುವುದು ನಿದ್ರೆಗೆ ಒಳ್ಳೆಯದು.

ಗನ್ ಒಂದೇ ಸಮ ಬಿಡದೆ ಬುಸುಬುಸು ಎಂದು ಉಗುಳುತ್ತದೆ.

ಪೌಡರ್ ತುಂಬಿಡುವ ಹಾಪರ್ ಒಳಗೆ ಇಣುಕಿ. ಪೌಡರ್ ಕುದಿಯುವ ನೀರಿನಂತೆ ಮೆಲ್ಲಗೆ ಹೊರಳಬೇಕು. ಅಲ್ಲಲ್ಲಿ ಬುಗ್ಗೆ ಏಳುತ್ತಿದ್ದು ಉಳಿದ ಕಡೆ ಸತ್ತಂತಿದ್ದರೆ ತೇವ ಅಥವಾ ಸಣ್ಣ ಕಣ ಹೆಚ್ಚಾಗಿದೆ. ಅದು ಸರಿಯಿದ್ದರೆ ಪಂಪಿನ ವೆಂಚುರಿ ತೋಳು (ಗಾಳಿಯೊಂದಿಗೆ ಪೌಡರ್ ಎಳೆದೊಯ್ಯುವ ಕಿರಿದಾದ ನಳಿಕೆ) ಸವೆದಿದೆಯೇ ನೋಡಿ, ಹೋಸ್ ಎಲ್ಲಾದರೂ ಮಡಚಿದೆಯೇ ನೋಡಿ. ವೆಂಚುರಿ ಸವೆಯುವ ಭಾಗ, ಬಿಡಿಯಾಗಿ ಇಟ್ಟುಕೊಳ್ಳಿ.

ಪೌಡರ್ ಗಂಟು ಕಟ್ಟಿದೆ. ಜರಡಿ ಹಿಡಿದು ಬಳಸಬಹುದೇ?

ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗಂಟಾದರೆ ಜರಡಿ ಹಿಡಿದು ಒಂದು ತುಂಡು ತಗಡಿನ ಮೇಲೆ ಹೊಡೆದು ನೋಡಿ. ಒಡೆಯದ ಗಂಟಾದರೆ ಬಿಟ್ಟುಬಿಡಿ. 25 ಡಿಗ್ರಿಗಿಂತ ತಂಪಾದ ಒಣ ಜಾಗದಲ್ಲಿ, ಹಳೆಯದು ಮೊದಲು ಖಾಲಿಯಾಗುವಂತೆ ಇಡಿ. ಎಸಿ ಕೋಣೆಯಿಂದ ತಂದ ಪೆಟ್ಟಿಗೆಯನ್ನು ತಕ್ಷಣ ಒಡೆಯಬೇಡಿ, ತಣ್ಣನೆಯ ಪೌಡರ್ ಮೇಲೆ ಗಾಳಿಯ ತೇವ ಬೆವರಿನಂತೆ ಕೂರುತ್ತದೆ. ಹೊರಗಿನ ಬಿಸಿಗೆ ಸಮನಾಗುವವರೆಗೆ ಪ್ಲಾಸ್ಟಿಕ್ ಚೀಲ ಕಟ್ಟೇ ಇರಲಿ.

ಡಿಎಫ್‌ಟಿ ಮೀಟರ್ 140 ತೋರಿಸುತ್ತದೆ, ಆದರೆ ನಾವು ಹೊಡೆದದ್ದು ತೆಳುವಾಗಿಯೇ. ಮೀಟರ್ ಕೆಟ್ಟಿದೆಯೇ?

ಜಾಬ್ ಗ್ಯಾಲ್ವನೈಸ್ಡ್ ಆಗಿದ್ದರೆ ಮೀಟರ್ ಸರಿಯಿದೆ. ಕಾಂತದಿಂದ ಅಳೆಯುವ ಮೀಟರ್ ಉಕ್ಕಿನವರೆಗಿನ ಒಟ್ಟು ದೂರವನ್ನು ಹೇಳುತ್ತದೆ, ಅದರಲ್ಲಿ ಸತುವೂ ಸೇರಿದೆ. ಕೋಟಿಂಗಿಗೆ ಮೊದಲು ಸತುವಿನ ದಪ್ಪ ಅಳೆದು ಬರೆದಿಟ್ಟು ಕಳೆಯಬೇಕು. ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್ ವಿಧಾನದ ಮೀಟರ್ ಬೇಕು.

ದಪ್ಪದ ಲೆಕ್ಕ ಮಾಲಿನ ಲೆಕ್ಕವೂ ಹೌದು. ಸಾಂದ್ರತೆ 1.5 ಇರುವ ಪೌಡರ್ 1 ಕೆಜಿ, ಒಂದು ಚೂರೂ ಪೋಲಾಗದೆ 60 ಮೈಕ್ರಾನ್ ಕೂತರೆ ಸುಮಾರು 11 ಚದರ ಮೀಟರ್ ಆಗುತ್ತದೆ. 120 ಮೈಕ್ರಾನ್ ಕೂರಿಸಿದರೆ ಐದೂವರೆ. ‘ದಪ್ಪ ಹೊಡೆದರೆ ಗಟ್ಟಿ’ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಬಯಲೆಲ್ಲ ಚೆನ್ನಾಗಿದೆ, ಅಂಚಿನಲ್ಲೇ ಮೊದಲು ತುಕ್ಕು ಏಳುತ್ತದೆ. ಅಂಚಿಗೆ ಹೆಚ್ಚು ಪೌಡರ್ ಹೋಗುತ್ತದೆ ಎಂದಿರಲ್ಲ?

ಹೋಗುತ್ತದೆ, ನಿಲ್ಲುವುದಿಲ್ಲ. ಕರಗಿದಾಗ ಮೇಲ್ಮೈ ಎಳೆತ ಅದನ್ನು ಚೂಪಾದ ಅಂಚಿನಿಂದ ಎರಡೂ ಬದಿಗೆ ಸರಿಸುತ್ತದೆ. ಅಂಚಿನ ಪಕ್ಕದಲ್ಲಿ ದಪ್ಪ ದಿಂಡು, ಅಂಚಿನ ನೆತ್ತಿಯಲ್ಲಿ ಹೆಚ್ಚೂಕಡಿಮೆ ಬರಿಲೋಹ. ಎರಡು ಕೋಟ್ ಹೊಡೆದರೂ ಹೀಗೇ. ಅಂಚನ್ನು 2 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗೆ ಮಾಡುವುದೊಂದೇ ದಾರಿ, ಅದು ಫ್ಯಾಬ್ರಿಕೇಶನ್‌ನಲ್ಲೇ ಆಗಬೇಕಾದ ಕೆಲಸ.

ಹೊರಗೆ ಇಟ್ಟ ಜಾಬ್ ಕೆಲವೇ ತಿಂಗಳಲ್ಲಿ ಬೆಳ್ಳಗಾಗಿ, ಒರೆಸಿದರೆ ಕೈಗೆ ಪುಡಿ ಹತ್ತುತ್ತದೆ.

ಎಪಾಕ್ಸಿ ಅಥವಾ ಎಪಾಕ್ಸಿ ಬೆರೆತ ಹೈಬ್ರಿಡ್ ಹೊಡೆದಿದ್ದಾರೆ. ಎಪಾಕ್ಸಿ ರಾಸಾಯನಿಕಕ್ಕೆ ಗಟ್ಟಿ, ಬಿಸಿಲಿಗೆ ಮೆದು. ಹೊರಗಿನ ಕೆಲಸಕ್ಕೆ ಶುದ್ಧ ಪಾಲಿಯೆಸ್ಟರ್ ಬೇಕು, ಕಟ್ಟಡದ ಮುಂಭಾಗಕ್ಕೆ ಸೂಪರ್ ಡ್ಯೂರಬಲ್ ದರ್ಜೆಯದು. ಎಪಾಕ್ಸಿಯನ್ನು ಪ್ರೈಮರ್ ಆಗಿ ಕೆಳಗೆ ಹೊಡೆದು ಮೇಲೆ ಪಾಲಿಯೆಸ್ಟರ್ ಮುಚ್ಚಿದರೆ ಎರಡರ ಲಾಭವೂ ಸಿಗುತ್ತದೆ.

ಕೆಟ್ಟ ಜಾಬ್ ಮೇಲೆ ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತದೆಯೇ?

ಕಾಳು, ತೆಳು ಪದರ, ಬಣ್ಣದ ವ್ಯತ್ಯಾಸ ಇವು ಮುಚ್ಚುತ್ತವೆ. ಅಂಟಿಕೊಳ್ಳದ ಪದರ, ಎಣ್ಣೆಯ ಗುಳಿ, ಲೋಹದ ಅನಿಲದ ತೂತು ಮುಚ್ಚುವುದಿಲ್ಲ, ಎರಡನೇ ಕೋಟ್‌ನಲ್ಲೂ ಅದೇ ಜಾಗದಲ್ಲಿ ಏಳುತ್ತವೆ.

ಹೊಡೆಯುವುದಾದರೆ 320ರ ಎಮರಿ ಹಾಳೆಯಿಂದ ಹೊಳಪು ಹೋಗುವಂತೆ ಉಜ್ಜಿ, ಧೂಳು ಒರೆಸಿ. ಕೆಳಗಿನ ಕೋಟ್ ಇನ್ಸುಲೇಟರ್ ಆಗಿರುವುದರಿಂದ ಕೆವಿ ಮತ್ತು ಕರೆಂಟ್ ಇಳಿಸಲೇಬೇಕು, ಇಲ್ಲವಾದರೆ ಹಿಮ್ಮುಖ ಅಯಾನೀಕರಣ ಬೇಗ ಶುರುವಾಗುತ್ತದೆ. ಮೂರನೇ ಕೋಟ್ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಪೂರ್ತಿ ತೆಗೆಯಿರಿ.

ತೆಗೆಯುವಾಗ ಲೋಹ ಯಾವುದೆಂದು ಕೇಳಿ. ಉಕ್ಕಿನ ಕೊಕ್ಕೆಗಳನ್ನು ಸುಡುವ ಓವನ್‌ಗೆ ಹಾಕಬಹುದು, ಅಲ್ಯೂಮಿನಿಯಂ ಸೆಕ್ಷನ್ ಹಾಕಿದರೆ ಅದರ ಗಟ್ಟಿತನವೇ ಹೋಗುತ್ತದೆ. ಕಾಸ್ಟಿಕ್ ದ್ರಾವಣ ಉಕ್ಕಿಗೆ ಸರಿ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ರಾಸಾಯನಿಕದಿಂದ ತೆಗೆದ ಮೇಲೆ ವೆಲ್ಡಿಂಗ್ ಸಂದು, ಮಡಚಿದ ಅಂಚುಗಳನ್ನು ಎರಡು ಸಲ ತೊಳೆದು, ಖಾಲಿ ಜಾಬನ್ನೇ ಒಮ್ಮೆ ಓವನ್‌ನಲ್ಲಿ ಓಡಿಸಿ. ಸಂದಿನಿಂದ ಇನ್ನೂ ಏನಾದರೂ ಜಿನುಗಿ ಒಣಗಿದ ಗೆರೆ ಕಂಡರೆ ಮತ್ತೆ ತೊಳೆಯಿರಿ, ಪೌಡರ್ ಆಮೇಲೆ.